ಏಳನೇ ನಂಬರಿನ ಕುರಿ

೪ ಆಗಸ್ಟ್, ಸೊಲ್ಲಾಪುರ
ಮತ್ತೆ ಏಳನೇ ನಂಬರ್ ತಪ್ಪು. ಕಾಲೇಜಿನ ಪ್ರಾಜೆಕ್ಟ್ ಇದೊಂದರಲ್ಲೇ ಸಿಕ್ಕಿಬಿದ್ದಿದೆ. ತಡವಳ ಹಳ್ಳಿಯಲ್ಲಿ, ಪ್ರಾಜೆಕ್ಟಿನ ಜೊತೆಗಾತಿ ಕಾಜಲಳ ಮನೆಯ ಹನ್ನೆರಡು ಕುರಿಗಳ ಕೊರಳಿಗೆ ರೇಡಿಯೋ ಪಟ್ಟಿ, ಸುತ್ತ ಮೂರು ರಿಸೀವರ್. ಸಿಗ್ನಲ್ ಜೋರಿದ್ದರೆ ಕುರಿ ಹತ್ತಿರ, ಕಡಿಮೆಯಾದರೆ ದೂರ — ಅದರಿಂದ ಜಾಗ ಹುಡುಕುವ ಲೆಕ್ಕ ನನ್ನದು. ಹನ್ನೊಂದು ಸರಿ. ಏಳು ಮಾತ್ರ ಎದುರಿಗೇ ನಿಂತಿದ್ದರೂ ಹಳ್ಳದಾಚೆ ತೋರಿಸುತ್ತದೆ.

ಕಾಜಲ ಪಟ್ಟಿ ಕಟ್ಟುವವಳು, ಅಷ್ಟೇ. ಆದರೂ ನಮ್ಮ ಗೈಡ್ ಛಾಯಾ ಮೇಡಂ ಬಾಯಲ್ಲಿ ಅವಳದೇ ಹೆಸರು. ಪುಣೆಯ ಪ್ರದರ್ಶನಕ್ಕೆ ಒಬ್ಬರಿಗೇ ಅವಕಾಶ. ಶನಿವಾರ ಟೆಸ್ಟ್ ನೋಡಿ ಹೇಳುತ್ತಾರಂತೆ. ಹೊಟ್ಟೆ ಉರಿಯುತ್ತಿದೆ. ಬರೆದರೂ ಆರುತ್ತಿಲ್ಲ.

೬ ಆಗಸ್ಟ್, ತಡವಳ
ಸಿಕ್ಕಿತು. ಕಾಜಲ ನೀರಿಗೆ ಹೋಗಿದ್ದಳು. ಊಟಕ್ಕೆ ಬಡಿಸುತ್ತಿದ್ದ ಅವಳವ್ವ ಜನಾಬಾಯಿಯನ್ನು ಕೇಳಿದೆ, ಏಳರ ಮೈಮೇಲೆ ಮಾತ್ರ ಯಾಕೆ ಇಷ್ಟು ಉಣ್ಣೆ?

“ಬೀರೋಬಾ ದೇವರಿಗ ಬಿಟ್ಟದ್ದವಾ ಅದು. ಕತ್ತರಿ ಹಚ್ಚಂಗಿಲ್ಲ.”

ಪಟ್ಟಿ ಆ ಉಣ್ಣೆಯೊಳಗೆ ಹೂತಿದೆ. ಮಳೆಗೆ ತೊಯ್ದ ಉಣ್ಣೆ ಸಿಗ್ನಲ್ ನುಂಗುತ್ತಿದೆ! ಅಷ್ಟನ್ನು ಲೆಕ್ಕಕ್ಕೆ ಸೇರಿಸಿದೆ — ಬರೋಬರ್ ಬಂತು. ಕಾಜಲಳಿಗೆ ಹೇಳಲಿಲ್ಲ. ಯಾಕೆ ಹೇಳಬೇಕು? ಶನಿವಾರ ಮೇಡಂ ಮುಂದೆಯೇ ತೋರಿಸುವೆ. ಉಂಡ ಮನೆಗೆ ಎರಡು ಬಗೆದ ಹಾಗಾಯಿತೇನೋ... ಆಗಲಿ.

೭ ಆಗಸ್ಟ್
ಕಾಜಲಳ ಫೋನ್, ಎರಡು ಸಲ. ಎತ್ತಲಿಲ್ಲ. ನನ್ನ ಲೆಕ್ಕ ಕೇಳಲಿಕ್ಕೇ ಇರಬೇಕು.

೮ ಆಗಸ್ಟ್, ಸಂಜೆ ೬
ಮಾನ ಹೋಯಿತು. ಏಳು ದೂರದ ಬೇವಿನ ಮರದ ಹತ್ತಿರ ಮೇಯುತ್ತಿತ್ತು. ನನ್ನ ಲ್ಯಾಪ್‌ಟಾಪ್ ಅದನ್ನು ಮೇಡಂ ಕಾಲ ಬುಡದಲ್ಲಿ ತೋರಿಸಿತು.

ಕಾಜಲ ಮುಂದೆ ಬಂದಳು. “ತಪ್ಪು ನಂದ್ರಿ ಮೇಡಂ. ನಿನ್ನಿ ನಾನೇ ಪಟ್ಟಿ ಬಿಚ್ಚಿ ಉಣ್ಣೆ ಮ್ಯಾಲ ಕಟ್ಟೀನಿ. ಪ್ರಣಿತಾನ ಲೆಕ್ಕ ಬರೋಬರ್ ಬರ್ಲಿ ಅಂತ. ಆಕೀಗ ಹೇಳಿದ್ದಿಲ್ಲ.”

ಅಂದರೆ ಉಣ್ಣೆಯ ವಿಷಯ ಅವಳಿಗೂ ಹೊಳೆದಿತ್ತು. ಅಡ್ಡಿಯನ್ನು ಅವಳು ತೆಗೆದಿದ್ದಳು; ನನ್ನ ಲೆಕ್ಕ ಇಲ್ಲದ ಅಡ್ಡಿಗೂ ಸಿಗ್ನಲ್ ಕೂಡಿಸಿ ಕುರಿಯನ್ನು ಹತ್ತಿರಕ್ಕೆ ಎಳೆದಿತ್ತು. ಅದನ್ನೇ ಹೇಳಲು ಫೋನ್ ಮಾಡಿದ್ದಳು. ನಾನು ಬಾಯಿ ಬಿಡಲಿಲ್ಲ. ಹೇಳದೆ ಪಟ್ಟಿ ಮುಟ್ಟಿದ್ದಕ್ಕೆ ಮೇಡಂ ಅವಳನ್ನು ಎಲ್ಲರೆದುರು ಬೈದರು. ಪುಣೆಗೆ ನಾನಂತೆ.

ಗೆದ್ದೆ. ಆದರೂ ಅವಳನ್ನು ಕಂಡರೆ ಹೊಟ್ಟೆಕಿಚ್ಚು — ಈಗ ಅವಳ ಒಳ್ಳೆಯತನದ ಮೇಲೆ.

೧೪ ಆಗಸ್ಟ್, ಸೊಲ್ಲಾಪುರ ಸ್ಟೇಷನ್
ರೈಲಿಗೆ ಇನ್ನು ಹತ್ತು ನಿಮಿಷ. ಕಳಿಸಲು ಕಾಜಲ ಬಂದಿದ್ದಾಳೆ. ಜನಾಬಾಯಿ ಕೊಟ್ಟ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ತಂದಿದ್ದಾಳೆ. ಫೋನ್ ಮಾಡಿದ್ದನ್ನು ಮೇಡಂಗೆ ಯಾಕೆ ಹೇಳಲಿಲ್ಲ ಎಂದು ಕೇಳೇಬಿಟ್ಟೆ.

“ನೀ ಕೆಲಸದಾಗ ಇದ್ದಿ ಅಂತ ತಿಳಕೊಂಡೆ,” ಅಂದಳು.

ನನಗೆ ನೀರಿನ ಬಾಟಲಿ ತರಲು ಹೋಗಿದ್ದಾಳೆ. ಮೇಡಂ ನಂಬರ್ ಒತ್ತಿದೆ. ರಿಂಗ್ ಆಗುತ್ತಿದೆ. ಎತ್ತಿದ ಕೂಡಲೇ ಹೇಳಬೇಕಾದ್ದು — ಮೇಡಂ, ಅವಳು ಎರಡು ಸಲ ಫೋನ್ ಮಾಡಿದ್ದಳು, ನಾನೇ —