ಸೋಮಮ್ಮನವರ ಕೈಪಟ್ಟಿ

ಶ್ರೀ ಗುರುವೇ ಶರಣು
೨೮–೧೧–೨೦೦೭, ಬುಧವಾರ

ಕೃಷ್ಣರಾಜನಗರದ ವೃದ್ಧಾಶ್ರಮವನ್ನು ತಾಯಿಯಂತೆ ಕಾಯುತ್ತಿರುವ ಪ್ರಿಯ ಗೆಳತಿ ಚಾಮುಂಡಮ್ಮನವರಿಗೆ, ಬೆಟ್ಟದಪುರದ ಆಶ್ರಮದ ಮೇಲ್ವಿಚಾರಕಿ ಸರ್ವಮಂಗಳ ಮಾಡುವ ಶರಣುಗಳು.

ನಿಮ್ಮ ಪತ್ರ ಕೈಸೇರಿತು. ದೂರದಿಂದಲೇ ನಾಡಿ ನೋಡುವ ಯಂತ್ರವನ್ನು ನಿಮ್ಮಲ್ಲಿಗೂ ಕೊಡಲು ಮೈಸೂರಿನ ಆಸ್ಪತ್ರೆಯವರು ಮುಂದಾಗಿರುವರೆಂದೂ, ನಿಮ್ಮ ಸಿಬ್ಬಂದಿ ಅದನ್ನು ಒಳಗೆ ಬಿಡಲೊಲ್ಲರೆಂದೂ ಬರೆದು, ನಮ್ಮವರ ಅಭಿಪ್ರಾಯವೇನೆಂದು ಕೇಳಿದ್ದೀರಿ. ಉತ್ತರಿಸಲು ಕುಳಿತರೆ ಸಂತೋಷದಿಂದ ಲೇಖನಿ ನನಗಿಂತ ಮುಂದೆ ಓಡುತ್ತಿದೆ. ಅಕ್ಷರ ಓರೆಯಾಗಿದ್ದರೆ ಮನ್ನಿಸಿರಿ.

ವೃದ್ಧರ ಮಣಿಕಟ್ಟಿಗೆ ಒಂದು ಪಟ್ಟಿ. ಗೋಡೆಯ ಮೇಲೆ ಟೆಲಿಫೋನ್ ತಂತಿಗೆ ಸೇರಿಸಿದ ಒಂದು ಡಬ್ಬಿ. ನಾಡಿಯ ಬಡಿತ ಅಲ್ಲಿಂದ ಮೈಸೂರಿನ ಪರದೆಯ ಮೇಲೆ ಗೆರೆಯಾಗಿ ಹರಿಯುತ್ತದೆ. ನಮ್ಮಲ್ಲಿ ಅದರ ಮೂರು ತಿಂಗಳ ಪರೀಕ್ಷೆ ಕಳೆದ ಶುಕ್ರವಾರಕ್ಕೆ ಮುಗಿಯುವುದಿತ್ತು. ಇಟ್ಟುಕೊಳ್ಳುವುದೋ ಹಿಂದಿರುಗಿಸುವುದೋ ಎಂಬುದನ್ನು ಆರೈಕೆ ಮಾಡುವವರೇ ಸಹಿ ಹಾಕಿ ತಿಳಿಸಬೇಕಿತ್ತು.

ಹಿಂದಿರುಗಿಸುವುದೆಂದೇ ನಾವೆಲ್ಲರೂ ನಿಶ್ಚಯಿಸಿದ್ದೆವು. "ಅದು ಮುದುಕ್ರನ್ನ ಕಾಯಕ್ಕಲ್ಲ ಕಣ್ರವ್ವಾ, ನಮ್ಮುನ್ನ ಕಾಯಕ್ಕೆ ಕುಂತದೆ. ನಾಳೆ ನಮ್ಮುನ್ನ ಮನೆಗ್ ಕಳ್ಸಿ ಡಬ್ಬಿನೇ ಇಟ್ಕತಾರೆ" ಎಂಬುದು ನಮ್ಮ ಆರೈಕೆ ಸಿಬ್ಬಂದಿಯ ಬೆಟ್ಟಸ್ವಾಮಿಯ ವಾದ. ಹನ್ನೊಂದು ವರ್ಷಗಳಿಂದ ವೃದ್ಧರಿಗೆ ಸ್ನಾನ ಮಾಡಿಸುತ್ತ ಬಂದಿರುವ ಚಿಕ್ಕಸಿದ್ದಮ್ಮನಂತೂ, "ಬೆನ್ನುಜ್ಜಿ ಕೊಡ್ತದಾ ಅದು? ಮೈ ಮುಟ್ದೆ ಜರ ಎಂಗ್ ತಿಳೀತದೆ?" ಎಂದು ಡಬ್ಬಿಯ ಮುಂದೆಯೇ ನಿಂತು ಕೇಳಿದ್ದಳು. ಮಾನವನ ಕರಸ್ಪರ್ಶಕ್ಕೆ ಯಂತ್ರ ಸಮವಲ್ಲವೆಂದು ನಾನೂ ದನಿಗೂಡಿಸಿದ್ದೆ.

ಇದರ ನಡುವೆ ನಮ್ಮ ಸೋಮಮ್ಮನವರು. ಎಂಬತ್ತೆರಡರ ಈ ತಾಯಿ ನಿತ್ಯ ಬೆಳಗ್ಗೆ ಏಳಕ್ಕೆ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಪೂಜೆಗೆ ಕೂರುವರು. ಆ ಅರ್ಧ ಗಂಟೆ ಪಟ್ಟಿ ಮೈಮೇಲಿರಕೂಡದು. ಮೊದಲ ದಿನವೇ ಬಿಚ್ಚಿ ಗೂಡಿನಲ್ಲಿಟ್ಟರು. ಮೈಸೂರಿನಲ್ಲಿ ಗೆರೆ ನಿಂತಿತು. ಪಿರಿಯಾಪಟ್ಟಣದಿಂದ ಆಂಬುಲೆನ್ಸ್ ಓಡಿಬಂದಿತು. ನಾವು ತಲೆ ತಗ್ಗಿಸಿದೆವು. ಮತ್ತೆ ಹಾಗಾಗದಿರಲೆಂದು ನಾವೇ ಒಂದು ಉಪಾಯ ಹೂಡಿದೆವು. ಪೂಜೆ ಮುಗಿಯುವವರೆಗೆ ಪಟ್ಟಿಯನ್ನು ನಮ್ಮಲ್ಲೊಬ್ಬರು ಕಟ್ಟಿಕೊಳ್ಳುವುದು. ಪರದೆಯ ಮೇಲೆ ಗೆರೆ ಹರಿಯುತ್ತಿದ್ದರೆ ಸಾಕಲ್ಲವೇ? ಅದು ಅಪಚಾರವೆಂದು ಆಗ ತೋರಲಿಲ್ಲ.

ಕಳೆದ ಗುರುವಾರ ಸರದಿಯವಳಾದ ಚಿಕ್ಕಸಿದ್ದಮ್ಮ ಸ್ನಾನದ ಮನೆಯಲ್ಲಿದ್ದುದರಿಂದ ನಾನೇ ಕಟ್ಟಿಕೊಂಡೆ. ಪೂಜೆ ಮುಗಿಯುತ್ತ ಬಂದಿತ್ತು, ಟೆಲಿಫೋನ್ ಮೊಳಗಿತು. ಸೋಮಮ್ಮನವರ ನಾಡಿ ಮೂವತ್ತಾರಕ್ಕೆ ಇಳಿದಿದೆ, ಕೂಡಲೇ ಮಲಗಿಸಿರಿ ಎಂದರು. ಎಲ್ಲರೂ ಪೂಜೆಯ ಕೋಣೆಗೆ ಓಡಿದೆವು. ಆ ತಾಯಿ ಲಿಂಗವನ್ನು ಕರಡಿಗೆಗೆ ಸೇರಿಸಿ, ನಿಧಾನವಾಗಿ ತಿರುಗಿ, "ಏನ್ಲಾ ಬೆಟ್ಟಸ್ವಾಮಿ, ಸತ್ತೋದ್ನಾ ನಾನು? ಬಾ, ಸತ್ತೋಳ್ ಕೈಯಿಂದ್ಲೇ ಪ್ರಸಾದ ಈಸ್ಕೊ" ಎಂದರು. ಅವನು ನಗಲಿಲ್ಲ. ನನ್ನ ಮಣಿಕಟ್ಟನ್ನೇ ನೋಡುತ್ತಿದ್ದ.

"ಅವ್ವಾರೇ, ಪಟ್ಟಿ ನಿಮ್ ಕೈಲದೆ" ಎಂದ.

ಮೆಟ್ಟಿಲೇರುವಾಗ ಕಣ್ಣು ಕತ್ತಲೆ ಬರುತ್ತಿದ್ದುದನ್ನು ಸೋಮವಾರಗಳ ಉಪವಾಸದ ಲೆಕ್ಕಕ್ಕೆ ಹಾಕಿ ಎರಡು ತಿಂಗಳಿನಿಂದ ಯಾರಿಗೂ ಹೇಳಿರಲಿಲ್ಲ. ವೈದ್ಯರು ಪರೀಕ್ಷಿಸಿದ್ದಾರೆ, ನೀವು ಆ ಚಿಂತೆಗೆ ಹೋಗಬೇಡಿರಿ.

ಮರುದಿನ ಸಹಿಯ ಕಾಗದ ಬಂದಾಗ ಚಿಕ್ಕಸಿದ್ದಮ್ಮ ಸೆರಗಿನಿಂದ ಮೂಗೊರಸಿಕೊಂಡು, "ದಿನಾ ನಿಮ್ ಮುಂದ್ಲೇ ಓಡಾಡೋ ನಂಗೆ ತಿಳೀಲಿಲ್ವಲ್ಲವ್ವಾ, ಅದುಕ್ಕೆ ತಿಳೀತು" ಎಂದು ಮೊದಲ ಸಹಿ ಹಾಕಿದಳು. ಬೆಟ್ಟಸ್ವಾಮಿ ಮಾತ್ರ ಪೆನ್ನು ಕೈಗೆತ್ತಿಕೊಂಡು, "ಬಡ್ತ ಎಣಿಸ್ತು, ಸರಿ. ಯಾರ್ ಕೈ ಅಂತ ಕಂಡಿಡಿದೋನು ನಾನು. ಅದುನ್ನೂ ಬರೀರಿ ಕಾಗ್ದದಾಗೆ" ಎಂದ. ಹಾಗೆಯೇ ಬರೆದೆವು. ಯಂತ್ರವಿರಲಿ, ಅದರ ಕಾರಣದಿಂದ ಆರೈಕೆಯವರಲ್ಲಿ ಒಬ್ಬರನ್ನೂ ಕಡಿಮೆ ಮಾಡತಕ್ಕದ್ದಲ್ಲ, ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಎಂದಿಗೂ ಕಟ್ಟಿಕೊಳ್ಳತಕ್ಕದ್ದಲ್ಲ. ಆಸ್ಪತ್ರೆಯವರು ಒಪ್ಪಿ ಮೊಹರು ಒತ್ತಿದರು. ನಿಮ್ಮವರಿಗೂ ಇದನ್ನು ಓದಿ ಹೇಳಿರಿ, ಬೆಟ್ಟಸ್ವಾಮಿಯ ಮಾತನ್ನು ಬಿಡದೆ.

ಶಿವಕೃಪೆ ನಿಮ್ಮೆಲ್ಲರ ಮೇಲಿರಲಿ.

ನಿಮ್ಮ
ಸರ್ವಮಂಗಳ

ಮರೆತದ್ದಲ್ಲ, ಮರೆಸಿದ್ದು: ಪತ್ರದ ತಲೆಯಲ್ಲಿ ಊರಿನ ಹೆಸರು ಬರೆದಿಲ್ಲ. ಲಕೋಟೆಯ ಮೇಲಿನ ಮೈಸೂರಿನ ಮುದ್ರೆ ಹೇಗೂ ನನ್ನನ್ನು ಬಿಟ್ಟುಕೊಡುತ್ತದೆ. ಗುರುವಾರದಿಂದ ಆಸ್ಪತ್ರೆಯಲ್ಲಿದ್ದೇನೆ; ಆ ಸಹಿಗಳೆಲ್ಲ ಬಿದ್ದದ್ದು ನನ್ನ ಮಂಚದ ಪಕ್ಕದಲ್ಲೇ. ಸೋಮವಾರ ಎದೆಗೆ ಪೇಸ್‌ಮೇಕರ್ ಇಟ್ಟರು. ಎಡಗೈ ಎತ್ತಬಾರದಂತೆ, ಬರೆಯುವ ಕೈಗೆ ನಿಷೇಧವಿಲ್ಲ. ನನ್ನ ಕೋಣೆಯ ಎದುರಿಗೇ ಆ ಪರದೆಯಿದೆ. ಬೆಳಗ್ಗೆ ಏಳಕ್ಕೆ ಸೋಮಮ್ಮನವರ ಗೆರೆ ನಿಂತಾಗ, ಪೂಜೆಗೆ ಕೂತಿದ್ದಾರೆ, ಹೆದರಬೇಡಿ ಎಂದು ದಾದಿಯರಿಗೆ ದಿನವೂ ನಾನೇ ಹೇಳುತ್ತಿದ್ದೆ. ಇಂದು ಏಳಾಯಿತು, ಏಳೂಕಾಲಾಯಿತು, ಗೆರೆ ನಿಲ್ಲಲಿಲ್ಲ. ಪೂಜೆಯೇ ತಪ್ಪಿತೇ ಎಂದು ಕಳವಳಗೊಂಡು ಫೋನ್ ಮಾಡಿಸಿದೆ. ಪೂಜೆ ನಡೆಯುತ್ತಿದೆ ಎಂದಳು ಚಿಕ್ಕಸಿದ್ದಮ್ಮ. ಪಟ್ಟಿಯನ್ನು ಸೋಮಮ್ಮನವರು ತಾವಾಗಿಯೇ, ಲಿಂಗವಿರದ ಬಲಗೈಗೆ ಕಟ್ಟಿಸಿಕೊಂಡರಂತೆ: "ಅವ್ವಾರು ಅಲ್ಲಿಂದ ನೋಡ್ತಾ ಇರ್ತಾರೆ ಕಣೇ. ಗೆರೆ ನಿಂತ್ರೆ ಅವ್ರ ಎದೆ ಏನಾದಾತು? ಇರ್ಲಿ ಬುಡು, ಶಿವ ಏನೂ ಅನ್ನಕಿಲ್ಲ."