ಮಿಸೆಸ್ ಸಿಯರ್, ನಿಮ್ಮ ಮೈಕ್ ಬಂದ್ ಮಾಡಿದೀನಿ

ಪೆಟಿ ಬ್ರೂಕ್, ಮೇನ್
ಅಕ್ಟೋಬರ್ ೨೬, ಭಾನುವಾರ

ಮಗಳು ಓಡಿಲ್‌ಗೆ,

ನೀನೂ ನಿನ್ನ ಬೆಕ್ಕೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಾವು ಚೆನ್ನಾಗಿದ್ದೇವೆ, ಅಪ್ಪನ ಮಂಡಿನೋವು ಮಾತ್ರ ಚಳಿಯ ಜೊತೆಗೇ ಬಂದಿಳಿದಿದೆ. ನೀನು ಮೂರು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಆ ತಪ್ಪು ನನ್ನದು. ಕಾಗದವೂ ಎರಡು ವಾರ ತಡ. ಮೊದಲು ಬರೆದ ಮೂರನ್ನು ಒಲೆಗೆ ಹಾಕಿದೆ, ಅವುಗಳಲ್ಲಿ ಬೈಗುಳ ಬಿಟ್ಟರೆ ಬೇರೇನೂ ಇರಲಿಲ್ಲ. ಇದರಲ್ಲಿ ಸುದ್ದಿಯೂ ಇದೆ.

ಸುದ್ದಿ ಏನೆಂದರೆ, ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಹಿಡಿದ ಸೌಟು ಈಗ ನನ್ನ ಕೈಯಲ್ಲಿಲ್ಲ. ಅಲರ್ಜಿ ತರಬೇತಿಯಲ್ಲಿ ನನ್ನ ಹೆಸರಿನ ಮುಂದೆ 'ಗೈರುಹಾಜರು' ಎಂದು ಬಂದಿದೆ. ಪ್ರಮಾಣಪತ್ರ ಸಿಗುವ ತನಕ ಮಕ್ಕಳ ಊಟ ಮುಟ್ಟುವಂತಿಲ್ಲ. ತಟ್ಟೆ ತೊಳೆಯುತ್ತಿದ್ದೇನೆ. ಪೋರ್ಟ್‌ಲ್ಯಾಂಡಿನಲ್ಲಿ ಕುಳಿತು ಆ ತರಬೇತಿ ನಡೆಸಿದವಳು ನೀನು.

ನಿನ್ನ ಹೆಸರು ನೋಟೀಸಿನಲ್ಲಿ ಕಂಡ ದಿನ ನಾನೆಷ್ಟು ಮೆರೆದೆ ಗೊತ್ತೇ? ಸೂಪು ಕಲಕುತ್ತಲೇ ಎಲ್ಲರಿಗೂ ಹೇಳಿದೆ, ನಮಗೆ ಪಾಠ ಮಾಡುವವಳು ನನ್ನ ಮಗಳು ಎಂದು. ಆಲೂಗಡ್ಡೆ ಕೀಳುವ ರಜೆಯಲ್ಲಿ ಎಲ್ಲರೂ ಅವರವರ ಮನೆಯಿಂದಲೇ ಸೇರಬೇಕಿತ್ತು. ಅವತ್ತು ಬೆಳಿಗ್ಗೆ ಎಂಟಕ್ಕೆ ಆನ್‌ಲೈನ್ ಪಾಠದ ಪದಗಳ ಎರಡು ಪುಟದ ಪಟ್ಟಿ ಕಳಿಸಿದಿರಿ, ಒಂಬತ್ತಕ್ಕೆ ಪಾಠ. ಅದನ್ನು ಓದಿ ಅರ್ಥಮಾಡಿಕೊಳ್ಳಲು ನಮಗೇನು ಹತ್ತು ತಲೆಯೇ?

ಅಪ್ಪನ ಟ್ಯಾಬ್ಲೆಟ್ ಹಿಡಿದು, ಚರ್ಚಿಗೆ ಹಾಕುವ ನೀಲಿ ಸ್ವೆಟರ್ ತೊಟ್ಟು ಕುಳಿತೆ. 'ವೇಟಿಂಗ್ ರೂಮಿನಲ್ಲಿದ್ದೀರಿ' ಎಂದು ಬಂತು. ಕಾದೆ. ನಲವತ್ತು ನಿಮಿಷ ಕಾದೆ. ಅಷ್ಟರಲ್ಲಿ ನಮ್ಮ ಅಡುಗೆಮನೆಯ ಕ್ಲಾಡೆಟ್ ಫೋನ್ ಮಾಡಿದಳು.

"ಎಲ್ಲಿ ಸತ್ತೆಯೇ ಬರ್ನಡೆಟ್? ನಿನ್ನ ಮಗಳು ಅರ್ಧ ಪಾಠ ಮುಗಿಸಿದಳು!"

"ವೇಟಿಂಗ್ ರೂಮಲ್ಲಿ ಕೂತಿದೀನಿ ಕಣೇ. ಕರೀತಾರಂತೆ."

"ಅದೇನು ಹಲ್ಲಿನ ಡಾಕ್ಟರ ಹತ್ರ ಬಂದಿದೀಯಾ? ಬಾಗಿಲು ತೆಗೆಯೋಳು ನಿನ್ನ ಮಗಳೇ. ಅವಳನ್ನ ಹೋಸ್ಟ್ ಅಂತಾರೆ."

ಹೋಸ್ಟ್ ಎಂದರೆ ಮನೆಯೊಡತಿ. ಬಂದವರನ್ನು ಹೊಸಿಲಾಚೆ ನಲವತ್ತು ನಿಮಿಷ ನಿಲ್ಲಿಸುವ ಮನೆಯೊಡತಿಯನ್ನು ನಾನು ಬೆಳೆಸಿರಲಿಲ್ಲ. ಕೊನೆಗೆ ನಿನ್ನ ಮುಖ ಕಂಡಿತು. ಸಂತೋಷಕ್ಕೆ ಕೈಬೀಸಿದೆ. ನೀನು, "ಈಗ ಬಂದವರು ಹೆಸರು ಬದಲಾಯಿಸ್ಕೊಳ್ಳಿ," ಎಂದೆ. ನನ್ನ ಚಿತ್ರದ ಕೆಳಗೆ 'ರೋಜರ್ ಟ್ರಕ್' ಎಂದಿತ್ತಂತೆ. ಆ ಹೆಸರು ಕೂರಿಸಿದವಳು ನೀನೇ, ಕ್ರಿಸ್‌ಮಸ್ಸಿಗೆ ಅಪ್ಪನಿಗೆ ಆ ಟ್ಯಾಬ್ಲೆಟ್ ಕೊಟ್ಟಾಗ, ಅವರ ಹೆಸರಿಗೆ ಅವರ ಟ್ರಕ್ಕನ್ನೂ ಸೇರಿಸಿ. ಬದಲಾಯಿಸುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ. ಹಾಜರಿ ಹಾಕುವುದು ಆ ಹೆಸರು ನೋಡಿ ಎಂದು ನೀನು ಹೇಳಲಿಲ್ಲ. ಎರಡು ದಿನ ಸೇರಿ ಆರು ಗಂಟೆ ನಡೆದ ಪಾಠಕ್ಕೆ ಹಾಜರಾದದ್ದು ರೋಜರನ ಟ್ರಕ್ಕು, ನಾನಲ್ಲ.

ನಿನಗೊಬ್ಬಳಿಗೇ ಎಂದುಕೊಂಡು ಚಾಟಿನಲ್ಲಿ ಬರೆದೆ: "ಓಡಿಲ್, ಕಣ್ಣ ಕೆಳಗೆ ಕಪ್ಪಾಗಿದೆ. ಹೊಟ್ಟೆಗೆ ಸರಿಯಾಗಿ ತಿಂತಿದೀಯಾ?" ನಲವತ್ತಮೂರು ಜನ ಅದನ್ನು ಓದಿದರು. ಅದು ನನ್ನ ತಪ್ಪು, ಒಪ್ಪಿದೆ. ಕೆಳಗೆ 'ಎಲ್ಲರಿಗೂ' ಎಂದಿದ್ದದ್ದನ್ನು ನೋಡಲಿಲ್ಲ.

ಆಮೇಲಿನದು ನಿನ್ನ ತಪ್ಪು. ಅಲರ್ಜಿಯಿಂದ ಮಗುವಿನ ಗಂಟಲು ಊದಿಕೊಂಡರೆ ಏನು ಮಾಡಬೇಕೆಂದು ನೀನು ಕೇಳಿದೆ. ನೀನು ಪರದೆಯ ಮೇಲೆ ತೋರಿಸಿದ ಪಾಠದ ಚಿತ್ರದಲ್ಲಿ ಬರೆದಿತ್ತು: ಮೊದಲು ನರ್ಸನ್ನು ಕರೆಯಿರಿ. ನಮ್ಮ ಶಾಲೆಗೆ ನರ್ಸ್ ಬರುವುದೇ ವಾರಕ್ಕೆ ಎರಡು ದಿನ! ನಾನು ಬಾಯಿ ಬಿಟ್ಟೆ. ಹತ್ತು ವರ್ಷದ ಹಿಂದೆ, ಆಗ ಎರಡನೇ ಕ್ಲಾಸಿನಲ್ಲಿದ್ದ ಜೋಸೆಟ್ ಡೇಗಲ್ ಬೇರೆಯವಳ ಡಬ್ಬಿಯ ಕಡಲೆಕಾಯಿ ಬಿಸ್ಕತ್ತು ತಿಂದು ತುಟಿ ನೀಲಿಗಟ್ಟಿದಾಗ ನಾನು ಯಾರನ್ನೂ ಕರೆಯುತ್ತ ನಿಲ್ಲಲಿಲ್ಲ, ಬಟ್ಟೆಯ ಮೇಲಿಂದಲೇ ತೊಡೆಗೆ ಅಲರ್ಜಿ ಔಷಧದ ಸೂಜಿ ಚುಚ್ಚಿ ಆಮೇಲೆ ಆಂಬುಲೆನ್ಸಿಗೆ ಹೇಳಿಸಿದೆ ಎಂದು ಶುರುಮಾಡಿದೆ ಅಷ್ಟೆ.

"ಮಿಸೆಸ್ ಸಿಯರ್, ನಿಮ್ಮ ಮೈಕ್ ಬಂದ್ ಮಾಡಿದೀನಿ. ಸಮಯ ಇಲ್ಲ," ಎಂದೆ ನೀನು.

ಮಿಸೆಸ್ ಸಿಯರ್!

ಆ ಜೋಸೆಟ್ ಈಗ ದೊಡ್ಡವಳಾಗಿ ಈ ಸಲ ಅವಳಪ್ಪನ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿದಳು. ಅದನ್ನಾದರೂ ಹೇಳೋಣವೆಂದರೆ ನನ್ನ ಬಾಯಿ ಆಡುತ್ತಿತ್ತು, ದನಿ ಯಾರಿಗೂ ತಲುಪುತ್ತಿರಲಿಲ್ಲ.

ಮಾರನೆಯ ದಿನ ನೀನು ನಮ್ಮನ್ನು ಐದೈದು ಜನರ ಗುಂಪುಮಾಡಿ ಬೇರೆ ಬೇರೆ ಕೋಣೆಗೆ ಹಾಕಿದೆ. ಬ್ರೇಕ್‌ಔಟ್ ರೂಮ್ ಎಂಬ ಆ ಪದ ಮಾತ್ರ ನನಗೆ ಹಿಡಿಸಿತು, ಯಾಕೆಂದರೆ ಅಲ್ಲಿ ನೀನಿರಲಿಲ್ಲ. ನಾನು ನಿನ್ನ ಪ್ರಶ್ನೆ ಅತ್ತ ಇಟ್ಟು, "ಎಲ್ಲರೂ ಒಂದೊಂದು ಸೌಟು ತಗೊಳ್ಳಿ," ಎಂದೆ. ಸೌಟನ್ನೇ ಔಷಧದ ಸೂಜಿ ಎಂದುಕೊಂಡು, ಹಿಡಿ ಹೇಗೆ ಹಿಡಿಯಬೇಕು, ತೊಡೆಯ ಯಾವ ಭಾಗಕ್ಕೆ ಒತ್ತಬೇಕು, ಎಷ್ಟು ಹೊತ್ತು ಒತ್ತಿ ಹಿಡಿಯಬೇಕು, ಎಲ್ಲ ತೋರಿಸಿದೆ. ಐದೂ ಜನ ತೊಡೆಗೆ ಸೌಟು ಒತ್ತಿ ಗಟ್ಟಿಯಾಗಿ ಎಣಿಸುತ್ತಿರುವಾಗ ನೀನು ಹೇಳದೆ ಕೇಳದೆ ಒಳಗೆ ಬಂದೆ.

"ಇದು ಪಠ್ಯದಲ್ಲಿಲ್ಲ," ಎಂದೆ.

ಕ್ಲಾಡೆಟ್ ಬಿಡಲಿಲ್ಲ. "ಮಗುವಿನ ಪ್ರಾಣ ಪಠ್ಯದಲ್ಲಿದೆಯೇನಮ್ಮ?"

ನೀನು ಆ ಕೋಣೆಯಿಂದ ಹೊರಟುಹೋದೆ. ಸರಿ, ಓಡಿಲ್. ಪದಗಳೆಲ್ಲ ಈಗ ನನಗೂ ಬರುತ್ತವೆ. ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡು ಕಲಿತೆ. ಹೆಸರು ಬದಲಾಯಿಸುವುದನ್ನು ಕ್ಲಾಡೆಟ್ ತೋರಿಸಿಕೊಟ್ಟಳು. ನವೆಂಬರ್ ಹನ್ನೆರಡಕ್ಕೆ ಮತ್ತೆ ತರಬೇತಿಗೆ ಕೂರುತ್ತೇನೆ, ಬೇರೆ ಹೋಸ್ಟ್ ಕೊಡಿ ಎಂದು ಬರೆದು ಕೇಳಿದ್ದೇನೆ, ಒಪ್ಪಿದ್ದಾರೆ. ಆದರೆ ನಿನ್ನ ಆ ಚಿತ್ರ ತಿದ್ದು. ಮೊದಲು ಸೂಜಿ, ಆಮೇಲೆ ಫೋನು. ಅಮ್ಮನ ಮಾತೆಂದು ಬೇಡ. ಯಾವ ಡಾಕ್ಟರನ್ನಾದರೂ ಕೇಳಿ ತಿದ್ದು. ಯಾವುದೋ ಊರಿನ ಅಡುಗೆಯವಳು ನಿನ್ನ ಮಾತು ನಂಬಿ ನರ್ಸಿಗಾಗಿ ಕಾರಿಡಾರಿನಲ್ಲಿ ಓಡುತ್ತಿದ್ದರೆ ಆ ಮಗುವಿನ ಗತಿ ಏನು?

ದೇವರು ನಿನ್ನನ್ನು ಕಾಪಾಡಲಿ, ಒಳ್ಳೆಯ ಬುದ್ಧಿಯನ್ನೂ ಕೊಡಲಿ. ಬೆಚ್ಚಗಿರು. ರಾತ್ರಿಯ ಊಟ ತಪ್ಪಿಸಬೇಡ.

ಇಷ್ಟು ಕೋಪದಲ್ಲೂ ನಿನ್ನವಳೇ ಆದ
ಅಮ್ಮ

ತಾ.ಕ.: ಮತ್ತೆ ತರಬೇತಿಗೆ ಕೂರುವ ಮುಂಚೆ ಕಲಿಯೋಣವೆಂದು ನೀವು ಕಳಿಸಿದ ರೆಕಾರ್ಡಿಂಗನ್ನು ಗುರುವಾರ ಕೊನೆಯವರೆಗೂ ನೋಡಿದೆ. ನಾವೆಲ್ಲ ಹೊರಗೆ ಹೋದ ಮೇಲೂ ಅದು ನಡೆಯುತ್ತಲೇ ಇತ್ತು, ನಿನಗೆ ಗೊತ್ತಿಲ್ಲ. ನಿನ್ನ ಜೊತೆ ಕೆಲಸಮಾಡುವ ಟ್ರೆವರ್ ಕೇಳಿದ, "ನಿಮ್ಮಿಬ್ಬರ ಮನೆಹೆಸರೂ ಸಿಯರ್. ಆ ಸೌಟಿನ ಹೆಂಗಸು ನಿಮ್ಮಮ್ಮಾನಾ?" ನೀನು ನಕ್ಕೆ. "ಅಯ್ಯೋ, ಅಲ್ಲಪ್ಪ! ಆ ಕಡೆ ಯಾವ ಕಲ್ಲು ಎತ್ತಿದ್ರೂ ಒಬ್ಬ ಸಿಯರ್ ಸಿಗ್ತಾನೆ. ಹಳ್ಳಿ ಮುದುಕೀರು, ಎಲ್ಲರಿಗೂ ಅಮ್ಮನ ಥರ ಆಡ್ತಾರೆ." ಅಪ್ಪ ಆಗ ಹೊರಗೆ ಸೌದೆ ಜೋಡಿಸುತ್ತಿದ್ದರು, ಕೇಳಿಸಿಕೊಂಡಿಲ್ಲ. ನವೆಂಬರ್ ಮೂರರಂದು ತರಬೇತಿಗೆ ಬಂದ ಹನ್ನೊಂದು ಶಾಲೆಗಳ ಅಡುಗೆಮನೆಯವರೂ ಒಟ್ಟಿಗೆ ಕುಳಿತು ಅದನ್ನು ನೋಡಬೇಕಂತೆ. ಅಷ್ಟರೊಳಗೆ ಆ ಕೊನೆಯ ಎರಡು ನಿಮಿಷ ಕತ್ತರಿಸಿಹಾಕು. ಅವರೆಲ್ಲ ನಿನ್ನನ್ನು ಸಣ್ಣ ಬುದ್ಧಿಯವಳೆಂದು ಆಡಿಕೊಳ್ಳುವುದು ನನಗೆ ಬೇಡ. ಒಬ್ಬಳು ಕೇಳಿಸಿಕೊಂಡದ್ದು ಸಾಕು.