ಎಡಕ್ಕೆ ಹರಿದ ಕೋಟು

ಅಪ್ಪ,

ನಿಮ್ಮ ಸೂತಕಕ್ಕೆ ನಿನ್ನೆ ತಮ್ಮ ಆನ್ಶೆಲ್ ಬಂದ, ಸೈನ್ಯದ ಸಮವಸ್ತ್ರದಲ್ಲೇ. ಜೆರುಸಲೇಮಿನ ನಮ್ಮ ಓಣಿಗೆ ಓಣಿಯೇ ನೋಡುತ್ತಿತ್ತು. ಬಾಗಿಲಲ್ಲೇ ತಡೆದೆ.

"ಮೆಸ್ಸೀಯ ಬರೋ ಮೊದಲು ಯಹೂದಿಗಳಿಗೆ ರಾಜ್ಯ ಕಟ್ಟೋ ಹಕ್ಕಿಲ್ಲ ಅಂತ ಅಪ್ಪ ಬಡ್ಕೊಂಡ್ರೂ ಆ ರಾಜ್ಯದ ಬಂದೂಕು ಹೊತ್ತೆ. ಅವತ್ತೇ ಕೋಟು ಹರ್ಕೊಂಡು ನಿನ್ನ ಸೂತಕ ಕಳೆದ್ರು. ಸತ್ತೋನಿಗೆ ಇಲ್ಲೇನು ಕೆಲಸ?"

"ರಾಜ್ಯ ಇಲ್ದೇ ಹೋಗಿದ್ರೆ ಎಲ್ಲರೂ ನಿಜವಾಗ್ಲೂ ಸತ್ತಿರ್ತಿದ್ವಿ, ಅಣ್ಣ," ಅಂದ. "ಸರಿ, ಸತ್ತೋನಿಗೊಂದು ಲೋಟ ಚಹಾ ಕೊಡು."

ನನಗೆ ನಗು ಬರಲಿಲ್ಲ. ಅಮ್ಮ ಒಳಗಿಂದ ನೀವು ಅವತ್ತು ಹರಿದುಕೊಂಡ ಕೋಟು ತಂದು ಅವನ ಕೈಗಿಟ್ಟಳು.

ಮಕ್ಕಳು ಸತ್ತರೆ ಕೋಟನ್ನು ಬಲಕ್ಕೆ ಹರಿಯಬೇಕು, ತಿಂಗಳಾದ ಮೇಲೆ ಹೊಲಿದುಬಿಡಬಹುದು. ಹೆತ್ತವರು ಸತ್ತರೆ ಮಾತ್ರ ಎಡಕ್ಕೆ, ಎದೆಯ ಮೇಲೆ. ಅದನ್ನು ಎಂದೂ ಒಪ್ಪವಾಗಿ ಹೊಲಿಯುವಂತಿಲ್ಲ. ನನಗಿದನ್ನು ಕಲಿಸಿದವರು ನೀವೇ. ಶಾಸ್ತ್ರದಲ್ಲಿ ನೀವು ತಪ್ಪಿದ್ದನ್ನು ನಾನು ಕಂಡವನಲ್ಲ.

ಆ ಕೋಟು ಎಡಕ್ಕೆ ಹರಿದಿತ್ತು. ಒಂದು ಹೊಲಿಗೆಯೂ ಬಿದ್ದಿರಲಿಲ್ಲ.

ನಾನು ನಿಮ್ಮ ಒಂದು ಮಾತನ್ನೂ ಮೀರಲಿಲ್ಲ. ನನ್ನ ಪಾಲಿಗೆ ಬಂದಿರುವ ನಿಮ್ಮ ಕೋಟುಗಳೆಲ್ಲ ಗಟ್ಟಿಮುಟ್ಟಾಗಿವೆ, ಒಂದೂ ಹರಿದಿಲ್ಲ, ಅಪ್ಪ.